ಕಡಿಮೆ ಬಂದ ಪೆರಾಕ್ಸೈಡ್ ವ್ಯಾಲ್ಯೂ

ಮೂರು ವರ್ಷದ ಹಿಂದೆ ನಾನು ಗ್ರೇಟರ್ ನೋಯ್ಡಾದ ಒಂದು ಖಾಸಗಿ ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಹಿರಿಯ ಕೆಮಿಸ್ಟ್ ಆಗಿದ್ದೆ. ಎಣ್ಣೆ, ತುಪ್ಪ, ವನಸ್ಪತಿಯ ವಿಭಾಗ ನನ್ನದು. ದೆಹಲಿಯ ಮುನಿರ್ಕಾದ ಹುಡುಗಿಯರ ಪಿಜಿಯೊಂದರ ಮಾಲೀಕರು ಅಡುಗೆ ಎಣ್ಣೆಯ ಸ್ಯಾಂಪಲ್ ಕಳಿಸಿ, ಪೆರಾಕ್ಸೈಡ್ ವ್ಯಾಲ್ಯೂ ಒಂದನ್ನೇ ಕೇಳಿದ್ದರು. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಕೆಡತೊಡಗಿದಾಗ ಅದರಲ್ಲಿ ಪೆರಾಕ್ಸೈಡುಗಳು ಹುಟ್ಟುತ್ತವೆ. ಅವು ಎಷ್ಟಿವೆ ಎಂಬುದರ ಅಳತೆ ಅದು. ಹತ್ತರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಈ ಎಣ್ಣೆಯಲ್ಲಿ ಅದು ಎರಡನ್ನೂ ಮುಟ್ಟಿರಲಿಲ್ಲ. ಷರಾ ಬರೆಯುವ ಜಾಗದಲ್ಲಿ ‘ತಾಜಾ ಎಣ್ಣೆ’ ಎಂದು ಬರೆದು ಸಹಿ ಹಾಕಿದೆ.

ನಾಲ್ಕನೆಯ ದಿನ ನಸೀಮಾ ಫೋನ್ ಮಾಡಿದಳು. ರಾಯಚೂರಿನವಳು, ಅದೇ ಪಿಜಿಯಲ್ಲಿದ್ದು ಪಿಎಚ್‌ಡಿ ಮಾಡುತ್ತಿದ್ದಳು. ಕನ್ನಡದವರ ಕಾರ್ಯಕ್ರಮವೊಂದರಲ್ಲಿ ಪರಿಚಯವಾಗಿದ್ದಳು.

“ಅಕ್ಕಾ, ಅಡುಗೆಯ ಕಮಲಾ ಆಂಟಿ ಎಣ್ಣೆ ಸರಿ ಇಲ್ಲ ಅಂತ ತಿಂಗಳಿಂದ ಹೇಳ್ತಿದಾರೆ. ನಮಗೂ ಹೊಟ್ಟೆ ಸರಿ ಇಲ್ಲ. ಈಗ ಓನರ್ ನಿಮ್ಮ ಸಹಿ ಇರೋ ರಿಪೋರ್ಟ್ ತೋರಿಸಿ, ಸುಳ್ಳು ಹಬ್ಬಿಸ್ತೀಯಾ, ಭಾನುವಾರದಿಂದ ಕೆಲಸಕ್ಕೆ ಬರಬೇಡ ಅಂತ ಅವರಿಗೆ ಅಂದಿದಾರೆ.”

“ನಂಬರ್ ಸರಿಯಾಗೇ ಇದೆ ನಸೀಮಾ.”

“ಅಚ್ಛಾ. ನೀವು ಮೂಸಿ ನೋಡಿದ್ರಾ?”

ನೋಡಿರಲಿಲ್ಲ. ಕಿದ್ವಾಯಿ ನಗರದ ನನ್ನ ಮನೆ ಮುಟ್ಟುವವರೆಗೂ ಮನಸ್ಸು ಒಂದೆಡೆ ನಿಲ್ಲಲಿಲ್ಲ.

ಬೆಳಿಗ್ಗೆ ಉಳಿದಿದ್ದ ಸ್ಯಾಂಪಲ್ ತೆಗೆದು, ತುಸು ಬಿಸಿ ಮಾಡಿ ಮೂಸಿದೆ. ಹಳೆಯ ಪೇಂಟ್ ಡಬ್ಬಿಯ ವಾಸನೆ! ಪರೀಕ್ಷೆಯನ್ನು ಮತ್ತೆ ಮಾಡಿದರೆ ಅದೇ ಸಂಖ್ಯೆ. ಆಗ ಹೊಳೆಯಿತು. ಪೆರಾಕ್ಸೈಡುಗಳು ಉಳಿಯುವಂಥವಲ್ಲ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅವು ಒಡೆದು ಕಮಟು ವಾಸನೆಯ ಆಲ್ಡಿಹೈಡುಗಳಾಗುತ್ತವೆ, ವ್ಯಾಲ್ಯೂ ಇಳಿಯುತ್ತದೆ. ಎಂ.ಎಸ್ಸಿ.ಯಲ್ಲೇ ಓದಿದ್ದ ಸಂಗತಿ. ಆಲ್ಡಿಹೈಡುಗಳನ್ನು ಅಳೆಯುವ ಅನಿಸಿಡೀನ್ ಪರೀಕ್ಷೆ ಮಾಡಿದೆ. ಒಳ್ಳೆಯ ಎಣ್ಣೆಯಲ್ಲಿ ಹತ್ತರ ಆಸುಪಾಸು ಇರಬೇಕಾದದ್ದು ಎಪ್ಪತ್ತು ದಾಟಿತ್ತು. ಎಲ್ಲೋ ಕರಿದು ಬಿಟ್ಟ ಎಣ್ಣೆಯನ್ನು ಯಾರೋ ಸೋಸಿ ಟಿನ್ನಿಗೆ ತುಂಬಿ ಮಾರಿದ್ದರು.

ವರದಿ ತಿದ್ದಬೇಕೆಂದಾಗ ಲ್ಯಾಬಿನ ಮುಖ್ಯಸ್ಥರು ಕಾಗದದಿಂದ ಕಣ್ಣೆತ್ತದೆ ಹಿಂದಿಯಲ್ಲಿ ಹೇಳಿದರು: “ಅವರು ಕೇಳಿದ ಟೆಸ್ಟ್ ಮಾಡಿದ್ದೇವೆ. ಮುಗಿಯಿತು.”

“ನಂಬರ್ ಅವರು ಕೇಳಿದ್ದು ಸರ್. ‘ತಾಜಾ’ ಅನ್ನುವ ಮಾತು ನಾನು ಸೇರಿಸಿದ್ದು.”

ಅವರು ಹಳೆಯ ವರದಿ ತರಿಸಿ ನನ್ನ ಷರಾ ಓದಿದರು. ಶನಿವಾರ ಸಂಜೆ ತಿದ್ದಿದ ವರದಿ ಹೊರಟಿತು.

ಮಾಲೀಕರು ಎಣ್ಣೆ ಬದಲಿಸಿದರು, ಕಮಲಾ ಕೆಲಸದಲ್ಲಿ ಉಳಿದರು. ನಾನು ಕ್ಷಮೆ ಕೇಳಲು ಹೋದಾಗ ಅವರು ರೊಟ್ಟಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. “ಓದಿದವರು ನೀವು ಬರೆದ ಮೇಲೆ ನನ್ನ ಮಾತು ಯಾರು ಕೇಳ್ತಾರೆ ಮೇಡಂ?” ಎಂದರು.

ಸಂಖ್ಯೆ ಸರಿಯಿದ್ದೂ ವರದಿ ತಪ್ಪಾಗಿರಬಹುದೆಂದು ಕಲಿಸಿದ ಕೇಸು ಅದು. ಅಂದಿನಿಂದ ಪೆರಾಕ್ಸೈಡ್ ವ್ಯಾಲ್ಯೂ ಕೆಳಗೆ, ಇದೊಂದರಿಂದಲೇ ಎಣ್ಣೆ ತಾಜಾ ಎನ್ನಲಾಗದು ಎಂದು ಬರೆಯುತ್ತೇನೆ. ಸಹಿ ಹಾಕುವ ಮೊದಲು ಸ್ಯಾಂಪಲನ್ನು ತುಸು ಬಿಸಿ ಮಾಡಿ ಮೂಸುತ್ತೇನೆ.