ಬಟ್ಟೆಯೊಳಗೆ ನಿಂತ ಸೂಜಿ

ಹೈದರಾಬಾದು ಇನ್ನೂ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲದಲ್ಲಿ, ಅಲ್ಲಿನ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಾನು ಕನ್ನಡ ಮಾಸ್ತರನಾಗಿದ್ದೆ. ಒಂಬತ್ತನೆಯ ತರಗತಿಯಲ್ಲಿ ಆ ವರ್ಷ ಹದಿನಾಲ್ಕು ಮಕ್ಕಳು. ಹೊರಗೆ ಕಾಲಿಟ್ಟರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ, ಮನೆಗೆ ಹೋದರೆ ಮಾತ್ರ ಕನ್ನಡ ಎನ್ನುವ ಮಕ್ಕಳು ಅವರು. ಅವರಿಗೆ ಉಪಮೆ, ರೂಪಕ, ಉತ್ಪ್ರೇಕ್ಷೆ ಕಲಿಸುವುದೆಂದರೆ ನನಗೆ ವ್ರತವಿದ್ದಂತೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಮನುಷ್ಯ ನಾನು. ಉಪಮೇಯ ಯಾವುದು, ಉಪಮಾನ ಯಾವುದು ಎಂದು ಕೇಳಿದಾಗ ಯಾರಾದರೂ ಅದಲು ಬದಲು ಮಾಡಿದರೆ ಡಸ್ಟರು ಮೇಜಿಗೆ ಬಡಿಯುತ್ತಿದ್ದೆ.

ಪ್ರತಿ ಶುಕ್ರವಾರ ಒಂದು ಬರವಣಿಗೆ ಕೊಡುವುದು ನನ್ನ ಪದ್ಧತಿ. ಸೋಮವಾರ ಚೆನ್ನಾಗಿರುವುದನ್ನು ಆರಿಸಿ, ಬರೆದವರನ್ನು ಕೇಳದೆಯೇ ಗಟ್ಟಿಯಾಗಿ ಓದಿ, ಅದರ ಅಲಂಕಾರವನ್ನೆಲ್ಲ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತಿದ್ದೆ. ಕೇಳಬೇಕು ಎಂದು ಆಗ ಹೊಳೆಯಲೇ ಇಲ್ಲ. ಮಕ್ಕಳ ನೋಟುಬುಕ್ಕು ಎಂದರೆ ಮಾಸ್ತರರ ಸ್ವತ್ತು ಎಂದೇ ನಾವೆಲ್ಲ ತಿಳಿದಿದ್ದೆವು.

ಆ ವರ್ಷ ಜೂನಿನಲ್ಲಿ ಗದಗಿನ ಕಡೆಯಿಂದ ಒಬ್ಬ ಹುಡುಗಿ ಹೊಸದಾಗಿ ಸೇರಿದ್ದಳು. ತಂದೆಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸ, ಉಪ್ಪಲ್‌ನಲ್ಲಿ ಬಾಡಿಗೆ ಮನೆ. ಅರ್ಜಿಯಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಇತ್ತು. ಹುಡುಗಿಯದು ಮಾತು ಕಡಿಮೆ, ಅಕ್ಷರ ದುಂಡಗೆ. ಆದರೆ ಜುಲೈ ಮುಗಿಯುತ್ತ ಬಂದರೂ ಹಳೆಯ ಶಾಲೆಯ ಹಸಿರು ಲಂಗದಲ್ಲೇ ಬರುತ್ತಿದ್ದಳು. ನಮ್ಮದು ನೀಲಿ. ಒಂದು ದಿನ ಪ್ರಾರ್ಥನೆಯ ಸಾಲಿನಲ್ಲೇ ಅವಳನ್ನು ತಡೆದು ನಿಲ್ಲಿಸಿದೆ.

"ಯೂನಿಫಾರ್ಮ್ ಎಲ್ಲೈತಿ?"

"ಹೊಲ್ಯಾಕ ಹಾಕೇವ್ರಿ ಸರ."

"ಎರಡು ತಿಂಗಳಾತು. ಲಂಗ ಹೊಲ್ಯಾಕತ್ತಾರೋ, ಊರಿಗೆಲ್ಲಾ ಡೇರೆ ಹೊಲ್ಯಾಕತ್ತಾರೋ?"

ಸಾಲಿನಲ್ಲಿದ್ದ ಮಕ್ಕಳು ನಕ್ಕರು. ಅವಳು ತಲೆ ತಗ್ಗಿಸಿದಳು. ನನ್ನ ಮಾತನ್ನು ನಾನೇ ಮೆಚ್ಚಿಕೊಂಡು ಸ್ಟಾಫ್ ರೂಮಿಗೆ ಹೋದೆ.

ಆಗಸ್ಟಿನಲ್ಲಿ ಕಥೆ ಹೇಳುವ ಬಗೆಗಳನ್ನು ಕಲಿಸುತ್ತಿದ್ದೆ. ಮನೆಯ ಒಂದು ವಸ್ತುವೇ 'ನಾನು' ಎಂದು ಕಥೆ ಹೇಳಬೇಕು, ಅದು ಆ ಶುಕ್ರವಾರದ ಬರವಣಿಗೆ. ಒಬ್ಬ ನಾಂಪಲ್ಲಿ ಎಕ್ಸಿಬಿಷನ್‌ನಲ್ಲಿ ಕೊಂಡ ಬಾಣಲೆಯಾಗಿದ್ದ. ಇನ್ನೊಬ್ಬಳು ಬೇಗಂಪೇಟೆಯ ಮನೆಯ ಕಿಟಕಿಯಾಗಿ, ದಿನಕ್ಕೆ ಎಷ್ಟು ವಿಮಾನ ನೋಡುತ್ತೇನೆ ಎಂದು ಜಂಬ ಕೊಚ್ಚಿದ್ದಳು. ಈ ಹುಡುಗಿ ಹೊಲಿಗೆ ಮಿಷನ್ನಾಗಿದ್ದಳು.

ಅವಳ ಕಥೆ ಒಂದೂವರೆ ಪುಟ. ಯಜಮಾನಿ ನೀಲಿ ಬಟ್ಟೆ ತಂದಳು, ಅಳತೆ ತೆಗೆದಳು, ಒಂದು ಮಗ್ಗುಲು ಹೊಲಿದಳು. ಎರಡನೆಯ ಮಗ್ಗುಲಿನ ಅರ್ಧಕ್ಕೆ ಎದ್ದು ಹೋದಳು. 'ನನ್ನ ಸೂಜಿ ಬಟ್ಟೆಯೊಳಗೆ ಇಳಿದು ಹಾಗೇ ನಿಂತಿದೆ. ಮಗಳು ದಿನಾ ನನ್ನ ಧೂಳು ಒರೆಸುತ್ತಾಳೆ. ಸೂಜಿ ಮುಟ್ಟುವುದಿಲ್ಲ. ಯಜಮಾನಿ ಬರಲಿಲ್ಲ.' ಅಲ್ಲಿಗೆ ಮುಗಿದಿತ್ತು.

ನನಗೆ ಹಬ್ಬ. ಸೋಮವಾರ ಓದಿದೆ. ಬೋರ್ಡಿನ ಮೇಲೆ ಬರೆದೆ: ಸೂಜಿ ಎಂದರೆ ನೋವು, ಬಟ್ಟೆ ಎಂದರೆ ಮನಸ್ಸು, ಇದು ರೂಪಕ, ಉಪಮೇಯವನ್ನು ಜಾಣತನದಿಂದ ಬಚ್ಚಿಟ್ಟಿದ್ದಾಳೆ. ಅವಳು ಬೋರ್ಡನ್ನೇ ನೋಡುತ್ತಿದ್ದಳು. ಆಮೇಲೆ ಕೊನೆಗೆ ಬಂದೆ. ಕಥೆಗೆ ಮುಕ್ತಾಯ ಬೇಕು, ಎದ್ದು ಹೋದವರನ್ನು ಕಥೆ ಮರಳಿ ತರಬೇಕು ಇಲ್ಲವೇ ಕಾರಣ ಹೇಳಬೇಕು ಎಂದು ನನ್ನ ವಾದ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೆಂಪು ಶಾಯಿಯಲ್ಲಿ ಬರೆದೆ: 'ಮುಕ್ತಾಯ ಸರಿಯಿಲ್ಲ. ಯಜಮಾನಿ ಮರಳಿ ಬರಬೇಕು. ತಿದ್ದಿ ಬರೆ.'

ಮರುದಿನ ತಿದ್ದಿ ತಂದಳು. 'ಯಜಮಾನಿ ಬಂದಳು. ಸೂಜಿ ಎತ್ತಿದಳು. ಲಂಗ ಮುಗಿಯಿತು.' ಹತ್ತಕ್ಕೆ ಒಂಬತ್ತು ಕೊಟ್ಟೆ. ಮುಕ್ತಾಯ ಅವಸರದ್ದಾಯಿತು ಎಂದು ಒಂದು ಅಂಕ ಕಳೆದೆ.

ಬುಧವಾರದಿಂದ ಅವಳು ಶಾಲೆಗೆ ಬರಲಿಲ್ಲ. ಶನಿವಾರ ಮಧ್ಯಾಹ್ನ ಅವಳ ತಂದೆ ಬಂದರು. ಕಾರ್ಖಾನೆಯ ಖಾಕಿ ಅಂಗಿ, ಕೈಯಲ್ಲಿ ಮಗಳ ನೋಟುಬುಕ್ಕು. ನಾನು ಕುರ್ಚಿ ತೋರಿಸಿದೆ, ಅವರು ಕೂರಲಿಲ್ಲ.

"ಸರ, ನಿಮಗ ಎಲ್ಲಾ ಗೊತ್ತೈತಿ ಅಂತ ತಿಳ್ಕೊಂಡಿದ್ದೆರಿ. ಆಕಿ ಬರದಾಳಲ್ರಿ ಇದರಾಗ."

"ಏನ್ ಗೊತ್ತಿರಬೇಕಿತ್ರಿ?"

"ನಮ್ಮ ಮನಿಯಾಕಿ ಹೋಗಿ ಮೂರು ತಿಂಗಳಾತ್ರಿ. ಸಾಲಿ ಸುರು ಆಗೂದಕ್ಕ ಎಂಟ್ ದಿನ ಮದ್ಲ. ಮಗಳ ಲಂಗಾ ಹೊಲ್ಯಾಕ ಕುಂತಿದ್ಲು, ಎದ್ದು ನೀರು ಕುಡೀತೀನಿ ಅಂದಾಕಿ ಅಲ್ಲೇ ಬಿದ್ಲು. ದವಾಖಾನಿ ಮುಟ್ಟಲಿಲ್ರಿ. ಯಾರಿಗೂ ಹೇಳಬ್ಯಾಡ ಅಂತ ಮಗಳು ನನ್ನ ಕಡಿಂದ ಮಾತು ತಗೊಂಡ್ಲು. ಹೊಸಾ ಸಾಲಿ, ಎಲ್ಲಾರೂ ಅಯ್ಯೋ ಅಂತಾರ ಅಂದ್ಲು. ತಾನಾಗೇ ಹೇಳಿದ್ದು ನಿಮಗೊಬ್ಬರಿಗೇ."

ಅವರು ಪುಟ ತೆರೆದು ನನ್ನ ಕೆಂಪು ಸಾಲಿನ ಮೇಲೆ ಬೆರಳಿಟ್ಟರು. ದನಿ ಏರಿಸಲಿಲ್ಲ.

"ಬರಬೇಕು ಅಂತ ಬರದೀರಿ. ಎಲ್ಲಿಂದ ಕರಕೊಂಡ್ ಬರ್‍ಲಿ ಸರ?"

ಆ ಮನುಷ್ಯ ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಗಳು ಊಟ ಸರಿಯಾಗಿ ಮಾಡುತ್ತಿಲ್ಲ, ಶಾಲೆ ಬೇಡ ಎನ್ನುತ್ತಾಳೆ, ಸೋಮವಾರ ಬರದಿದ್ದರೆ ಊರಿನಲ್ಲಿ ಅಜ್ಜಿಯ ಹತ್ತಿರ ಬಿಡುತ್ತೇನೆ ಎಂದರು. ಅಲ್ಲಿ ಎಂಟನೆಯ ತರಗತಿಯ ಮೇಲೆ ಶಾಲೆಯಿಲ್ಲ. ಅವಳ ಓದು ಅಲ್ಲಿಗೆ ಮುಗಿಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಬಸ್ಸು ಹಿಡಿದು ಉಪ್ಪಲ್‌ಗೆ ಹೋದೆ. ಊರ ಹೊರಗಿನ ಬಡಾವಣೆ ಆಗ, ಮನೆಗಳ ನಡುವೆ ಬಂಡೆ, ಖಾಲಿ ಜಾಗ. ಹಾದಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಒಳಗೆ ಹೋದ ಕೂಡಲೇ ಎಲ್ಲ ಮರೆತುಹೋಯಿತು. ಕಿಟಕಿಯ ಪಕ್ಕ ಕಾಲಿನಲ್ಲಿ ತುಳಿಯುವ ಮಿಷನ್ನು. ಅದರ ಮೇಲೆ ನೀಲಿ ಬಟ್ಟೆ. ಸೂಜಿ ಬಟ್ಟೆಯೊಳಗೆ ಇಳಿದು ನಿಂತಿತ್ತು. ಅವಳು ಬರೆದಂತೆಯೇ, ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಚ್ಚಿಟ್ಟ ಉಪಮೇಯ ಎಲ್ಲಿಯೂ ಇರಲಿಲ್ಲ. ಹದಿನೆಂಟು ವರ್ಷ ಅಲಂಕಾರ ಕಲಿಸಿದವನು ನಾನು, ಒಂದು ಮಗು ಇದ್ದದ್ದನ್ನು ಇದ್ದಂತೆ ಹೇಳಿದಾಗ ನನಗೆ ತಿಳಿಯಲಿಲ್ಲ. ಓದುವುದು ಕಾಶೀಖಂಡ, ತಿನ್ನುವುದು ಮಸಿಕೆಂಡ.

ಹುಡುಗಿ ಗೋಡೆಗೆ ಆತು ನಿಂತಿದ್ದಳು. ಅವಳ ತಂದೆಯ ಎದುರಿಗೇ ಹೇಳಿದೆ.

"ತಪ್ಪಾತವಾ. ನೀ ಖರೇ ಬರದಿದ್ದಿ. ನಾ ಅದನ್ನ ರೂಪಕ ಅಂದೆ. ಲಂಗದ ಸಲುವಾಗಿ ಎಲ್ಲಾರ ಮುಂದ ನಗ್ಯಾಡಿದೆ. ಅದೂ ತಪ್ಪು."

ಅವಳು ಮಿಷನ್ನಿನ ಕಡೆ ಕಣ್ಣು ಹೊರಳಿಸಿದಳು. "ಅವ್ವ ಬಂದ್ಲು ಅಂತ ಎರಡ ಸಲ ಬರದು ಅಳಿಸಿದೆರಿ. ನೀವು ಬರಿ ಅಂದಿದ್ರಿ, ಬರದೆ."

ಅವಳು ಮಾಡಿದ ಚಹಾ ಕುಡಿದೆ. ಶಾಲೆಗೆ ಬಾ ಎನ್ನುವ ಧೈರ್ಯವಾಗಲಿಲ್ಲ. ಹೊರಡುವಾಗ ತಂದೆ ಬಾಗಿಲ ತನಕ ಬಂದು, "ಆ ಸೂಜಿ ಒಂದ್ ಎತ್ತು ಅಂತ ನೀವರ ಹೇಳ್ರಿ ಸರ" ಎಂದರು. ಅದನ್ನೂ ನಾನು ಹೇಳಲಿಲ್ಲ. ಬಸ್ಸಿನಲ್ಲಿ ಕೂತಾಗ, ಅವಳು ಊರಿಗೆ ಹೋಗಿಬಿಟ್ಟರೆ ಅದು ನನ್ನ ಕೆಂಪು ಸಾಲಿನಿಂದಲೇ ಎಂದುಕೊಂಡೆ.

ಸೋಮವಾರ ಹಾಜರಿ ಕೂಗುವಾಗ ಅವಳ ಹೆಸರಿಗೆ ಬಂದು ನಿಂತೆ. "ಹಾಜರಿ ಸರ" ಎಂಬ ದನಿ ಬಾಗಿಲಿನಿಂದ ಬಂತು. ನೀಲಿ ಲಂಗ ಉಟ್ಟಿದ್ದಳು. ಒಂದು ಮಗ್ಗುಲಿನ ಹೊಲಿಗೆ ಗೆರೆ ಎಳೆದಷ್ಟು ನೇರ. ಇನ್ನೊಂದು ಅರ್ಧದವರೆಗೆ ನೇರವಾಗಿ ಬಂದು ಅಲ್ಲಿಂದ ಮುಂದೆ ಸೊಟ್ಟ.

ತರಗತಿ ಮುಗಿದ ಮೇಲೆ ಮೇಜಿನ ಹತ್ತಿರ ಬಂದು, ನಾನು ಕೇಳದಿದ್ದರೂ ನೋಟುಬುಕ್ಕು ಇಟ್ಟಳು. ಹೊಸ ಪುಟದಲ್ಲಿ ನಾಲ್ಕೇ ಸಾಲು: 'ಯಜಮಾನಿ ಬರಲಿಲ್ಲ. ಮಗಳು ಬಂದು ಕೂತಳು. ಸೂಜಿ ಎತ್ತಲಿಲ್ಲ. ನಿಂತಲ್ಲಿಂದಲೇ ಹೊಲಿದಳು.'

ಓದಿ, ಮುಚ್ಚಿ, ಮರಳಿ ಕೊಟ್ಟೆ. ಅವಳು ಅಲ್ಲೇ ಪುಟ ತೆರೆದು ನೋಡಿದಳು.

"ಮಾರ್ಕ್ಸ್ ಹಾಕಿಲ್ರಿ ಸರ."

"ಇದಕ್ಕ ಹಾಕಾಕ ನಾ ಯಾರವಾ?"

ಅವಳು ಒಂದು ಪುಟ ಹಿಂದಕ್ಕೆ ತಿರುವಿ ನನ್ನ ಮುಂದೆ ಹಿಡಿದಳು.

"ಹಂಗಾರ ಆ ಒಂಬತ್ತೂ ಹೊಡದ ಹಾಕ್ರಿ."

ಅವಳು ನೋಡುತ್ತಿದ್ದಂತೆ ಹೊಡೆದು ಹಾಕಿದೆ.