ಹೆಸರು ಹೇಳಿದರೆ ತೆರೆಯುವ ಬಾಗಿಲು

ನಾಲ್ಕು ಹೊಲಿಗೆಗೊಮ್ಮೆ ನೀಲವ್ವ ಸೂಜಿಯನ್ನು ತನ್ನ ಎಣ್ಣೆಗೂದಲಿಗೆ ಸವರಿಕೊಳ್ಳುತ್ತಿದ್ದಳು. ತಳಕಲ್ ಸ್ಟೇಷನ್ನಿನಲ್ಲಿ ನನ್ನ ಹಾಗೆಯೇ ರೈಲಿಗೆ ಕಾಯುತ್ತಾ, ಮೊಮ್ಮಗಳಿಗೆಂದು ಹಳೆ ಸೀರೆಯ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದ ಮುದುಕಿ ಆಕೆ.

“ಏನ್ ಬರಿಯಾಕತ್ತಿ ತಂಗಿ?”

ನಾಚುತ್ತಲೇ ಹೇಳಿದೆ. ಅದೊಂದು ಮಾಯಾಲೋಕದ ಕಾದಂಬರಿ. ಹಿರಿಯರು ನೋಡಿ ಮಾಡಿದ ಮದುವೆ. ಮುಖಪರಿಚಯವೂ ಆಗುವ ಮೊದಲೇ ಗಂಡನನ್ನು ರಾಕ್ಷಸ ಗುಹೆಯಲ್ಲಿ ಕೂಡಿಹಾಕಿದ್ದಾನೆ, ಹೆಂಡತಿ ಬಿಡಿಸಬೇಕು.

“ಪ್ರೀತಿ ಬರಿಯಾಕ ಕುಂತ್ರ ಕತಿ ನಿಲ್ಲತೈತ್ರಿ ಆಯಿ. ಕತಿ ಓಡಿಸಿದ್ರ ಪ್ರೀತಿ ಹಿಂದ ಉಳೀತೈತ್ರಿ.”

ಸೂಜಿ ನಿಂತಿತು.

“ಅಕಿ ಗಂಡನ ಹೆಸರು ಹೇಳಿದ್ರಷ್ಟ ಗುಹಿ ಬಾಗಿಲಾ ತೆಗೀಲಿ. ಹೊಸಾ ಮದುಮಗಳು ಸುಮ್ಮನ ಹೆಸರು ಹೇಳ್ತಾಳೇನು? ಪ್ರಾಸದಾಗ ಎರಡು ಸಾಲಿನ ಒಡಪು ಕಟ್ಟಿ, ಅದರಾಗ ಹೆಸರು ಸೇರಿಸಿ ಹೇಳಬೇಕು. ಕಟ್ಟಾಕ ಅಂವ ಎಂಥಾಂವ ಅಂತ ಅಕಿಗೆ ತಿಳೀಬೇಕು. ಅದ ನಿನ್ನ ಕತಿ, ಅದ ಪ್ರೀತಿ.”

ಇಂಗ್ಲಿಷ್ ಶಾಲೆಯಲ್ಲಿ ಓದಿದ ಅಷ್ಟೂ ಕಾದಂಬರಿಗಳಲ್ಲಿ ನನಗೆ ಸಿಗದಿದ್ದ ಜೋಡಣೆ ಅದು. ಬೆರಗಿನಿಂದ ಬರೆದುಕೊಂಡೆ.

“ನಿನ್ನ ಮದುವಿ ಗೊತ್ತಾಗೈತೇನು?”

ಹೌದೆಂದು ತಲೆಯಾಡಿಸಿದೆ. ಹುಡುಗನನ್ನು ಕಂಡದ್ದು ಒಮ್ಮೆ, ಅದೂ ತಲೆ ತಗ್ಗಿಸಿದ್ದರಿಂದ ಬರೀ ಬೂಟುಗಳನ್ನು.

“ಹಂಗಾರ ಅವನ ಹೆಸರಿಗೊಂದು ಒಡಪು ಹೇಳು, ಕೇಳೂಣು.”