ಮದ್ದಿನ ಚೀಟಿಯ ಮಧ್ಯಾಹ್ನಗಳು

ನಾನು ಮದುವೆಯಾಗಿ ಕುರುಗೋಡಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ನನ್ನ ನೆಗೆಣ್ಣಿಗೆ ಕ್ಷಯ ಎಂದು ಗೊತ್ತಾಯಿತು. ಅರವತ್ತರ ದಶಕದ ನಡುವಿನ ಮಾತು. ಗಂಡನ ಅಣ್ಣನ ಹೆಂಡತಿ ಆಕೆ. ನಾನು ಅಕ್ಕ ಎನ್ನುತ್ತಿದ್ದೆ. ಹಚ್ಚೊಳ್ಳಿಯ ಹೆಣ್ಣುಮಗಳು, ಎತ್ತರದ ಆಳು. ತುಂಬಿದ ಕೊಡವನ್ನು ಹೂವಿನ ಬುಟ್ಟಿಯಂತೆ ಸೊಂಟಕ್ಕಿಟ್ಟುಕೊಳ್ಳುತ್ತಿದ್ದಳು. ಮಳೆಗಾಲದಲ್ಲಿ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ಬಿಡಲಿಲ್ಲ. ಕುಪ್ಪಸಗಳೆಲ್ಲ ಸಡಿಲಾದವು.

ಆಗ ಕ್ಷಯ ಅಂದರೆ ಸ್ಯಾನಿಟೋರಿಯಂ, ತಿಂಗಳುಗಟ್ಟಲೆ ಮಲಗಿಸುವ ಕ್ಷಯದ ಆಸ್ಪತ್ರೆ. ನಮ್ಮ ಓಣಿಯ ಮಾಸ್ತರರೊಬ್ಬರು ಅಂಥ ಕಡೆ ಬಹಳ ದಿನ ಇದ್ದು ಬಂದಿದ್ದರು. ಅವರು ಹೇಳಿದ್ದನ್ನು ಅಕ್ಕ ಕೇಳಿ ಕೇಳಿ ತಾನೇ ಕಂಡವಳಂತೆ ಹೇಳುತ್ತಿದ್ದಳು.

"ಸಾಲಾಗಿ ಬಿಳೀ ಹಾಸಿಗಿ ಅಂತ. ಆಳೆತ್ತರ ಕಿಟಕಿ, ಹೊರಗ ಬರೇ ಗಿಡ. ಹೊತ್ತಿಗೆ ಸರಿಯಾಗಿ ಹಾಲು ತಂದು ಕೈಯಾಗ ಕೊಡ್ತಾರಂತ. ಕೆಲಸಕ್ಕ ಯಾರೂ ಕರಿಯಂಗಿಲ್ಲಂತ, ಯವ್ವಾ."

ಇದನ್ನು ಹೇಳುವಾಗ ಅವಳ ಕೈ ರೊಟ್ಟಿ ಬಡಿಯುತ್ತಿರುತ್ತಿತ್ತು, ಕಣ್ಣು ಮಾತ್ರ ಎಲ್ಲೋ ನೆರಳಿರುವ ಕಡೆ ಹೋಗಿರುತ್ತಿತ್ತು. ಭಾವನೂ ನಾನೂ ಅವಳನ್ನು ಬಳ್ಳಾರಿಗೆ ತೋರಿಸಲು ಕರೆದುಕೊಂಡು ಹೊರಟ ದಿನ ಬಸ್ಸು ಕೊಳಗಲ್ಲು ದಾಟುವಾಗ ನನ್ನ ಕಿವಿಯಲ್ಲಿ ಕೇಳಿದಳು: "ಅಲ್ಲಿಗೆ ಎಷ್ಟು ಸೀರಿ ಒಯ್ಯಬೇಕ?"

ಡಾಕ್ಟರು ಐವತ್ತು ದಾಟಿದವರು. ತೆಲುಗು ಬೆರೆತ ಕನ್ನಡ. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ ಇಳಿಸಿದರು.

"ಸ್ಯಾನಿಟೋರಿಯಂ ಅಕ್ಕರಲೇದಮ್ಮಾ, ಬೇಕಾಗಿಲ್ಲ. ಮನ್ಯಾಗ ಇರು. ಮದ್ರಾಸಿನಾಗ ಎರಡೂ ಮಾಡಿ ನೋಡ್ಯಾರ. ಒಂದಿಷ್ಟು ಮಂದೀನ ಸ್ಯಾನಿಟೋರಿಯಂನಾಗ ಮಲಗಿಸ್ಯಾರ, ಒಂದಿಷ್ಟು ಮಂದಿಗೆ ಅವರವರ ಮನ್ಯಾಗ ಅದ ಔಷಧ ಕೊಟ್ಟಾರ. ವರ್ಷದ ಮ್ಯಾಲೆ ನೋಡಿದ್ರ ಇಬ್ಬರೂ ಹೆಚ್ಚು ಕಡಿಮಿ ಒಂದ ರೀತಿ ವಾಸಿ ಆಗ್ಯಾರ. ಗಾಳಿ, ಹಾಲು, ಹಾಸಿಗಿ ಅಲ್ಲ. ಬಿಡದಂಗ ಗುಳಿಗಿ ನುಂಗೂದು ಮುಖ್ಯ."

"ಮತ್ತ ಮನೀ ಮಂದಿಗೆ?" ಎಂದೆ. ನನಗೆ ನನ್ನದೇ ಹೆದರಿಕೆ.

"ಅದನ್ನೂ ನೋಡ್ಯಾರ. ರೋಗಿ ಮನ್ಯಾಗ ಅದಾಳಂತ ಹೆಚ್ಚಿಗೆ ಯಾರಿಗೂ ಅಂಟಿಲ್ಲ."

ನನ್ನ ಭಾವ ನಿರಾಳವಾಗಿ ಉಸಿರು ಬಿಟ್ಟರು. ನನಗೂ ಎದೆ ಹಗುರಾಯಿತು. ಅಕ್ಕ ಮಾತ್ರ ನೆಲ ನೋಡುತ್ತಿದ್ದಳು.

ಮನೆಯಲ್ಲಿ ಅತ್ತೆಗೆ ತಿಳಿದದ್ದು ಇಷ್ಟೆ: ಮಲಗುವುದು ಬೇಕಾಗಿಲ್ಲ. ಮರುದಿನದಿಂದ ಕೊಡ, ಒಲೆ, ಕಸ ಎಲ್ಲ ಹಿಂದಿನಂತೆ ಅಕ್ಕನ ಕೈಗೇ ಬಂತು. ನಾನೂ ಸುಮ್ಮನಿದ್ದೆ. ಹೊಸ ಸೊಸೆ, ಬಾಯಿ ಬರಲಿಲ್ಲ. ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ತಿಂಗಳ ಮೇಲೆ ಗುಳಿಗೆ ತರಲು ಹೋದಾಗ ನಾವಿಬ್ಬರೇ ಇದ್ದೆವು. ಡಾಕ್ಟರು ತೂಕ ನೋಡಿದರು, ಏರಿರಲಿಲ್ಲ. ಆಗ ಅಕ್ಕ ಸೆರಗು ಸರಿಮಾಡಿಕೊಂಡು ಕೇಳಿದಳು:

"ಡಾಕ್ಟ್ರೇ, ಮದ್ರಾಸಿನಾಗ ಮನ್ಯಾಗಿಟ್ಟು ನೋಡಿದ್ರಲ್ಲ, ಆ ಹೆಣ್ಮಕ್ಳ ಮನ್ಯಾಗ ರೊಟ್ಟಿ ಯಾರು ಬಡೀತಿದ್ರು?"

ಅವರು ಪೆನ್ನು ಕೆಳಗಿಟ್ಟರು. ನಗಲಿಲ್ಲ.

"ನಾನು ಓದಿದ್ರಾಗ ಅದನ್ನ ಬರದಿಲ್ಲಮ್ಮಾ."

ಪೆನ್ನು ಮತ್ತೆ ಎತ್ತಿಕೊಂಡು, ಚೀಟಿಯಲ್ಲಿ ಗುಳಿಗೆಯ ಹೆಸರಿನ ಕೆಳಗೆ ಕನ್ನಡದಲ್ಲೇ ಒಂದು ಸಾಲು ಬರೆದರು: ದಿನಾ ಮಧ್ಯಾಹ್ನ ಎರಡು ತಾಸು ಮಲಗುವುದು, ಯಾರೂ ಎಬ್ಬಿಸಬಾರದು. "ರೋಗಕ್ಕ ಇದು ಬೇಕಂತ ನಾ ಹೇಳಂಗಿಲ್ಲ. ನಿನಗ ಬೇಕು, ಬರದೀನಿ."

ಡಾಕ್ಟರ ಅಕ್ಷರಕ್ಕೆ ಅತ್ತೆ ಎದುರಾಡುವವರಲ್ಲ. ಮಧ್ಯಾಹ್ನದ ಕೆಲಸ ನನ್ನ ಪಾಲಿಗೆ ಬಂತು. ಮಾಳಿಗೆಯ ಮೇಲೆ ಜೋಳದ ಚೀಲ ಇಡುವ ಕೋಣೆಯಿತ್ತು, ಎರಡೂ ಕಡೆ ಕಿಟಕಿ. ಅಲ್ಲಿ ಅಕ್ಕನಿಗೆ ಕೌದಿ ಹಾಸಿದೆ. ಮುಸುರೆ ಮುಗಿಸಿ ನಾನೂ ಮೇಲೆ ಹೋಗಿ ಬಾಗಿಲ ಬಳಿ ಒರಗುತ್ತಿದ್ದೆ. ಬಿಸಿಲಿಗೆ ಎದುರಿನ ಬಂಡೆಗುಡ್ಡ ನೀರಿನಲ್ಲಿ ಕಂಡಂತೆ ಅಲುಗಾಡುತ್ತಿತ್ತು. ಬೇವಿನ ಹೂವಿನ ವಾಸನೆ, ಹೊಸ ಜೋಳದ ವಾಸನೆ. ಅಕ್ಕ ಅರ್ಧ ನಿದ್ದೆಯಲ್ಲಿ ತವರಿನ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನದ ಮಾತು ತೆಗೆಯುತ್ತಿದ್ದಳು: ಒಣ ಮಣ್ಣು ಉಸಿರು ಬಿಟ್ಟ ಸದ್ದು, ಹೆಣ್ಣುಮಕ್ಕಳೆಲ್ಲ ಕಾಲು ಇಳಿಬಿಟ್ಟು ಕೂತದ್ದು. ಅದು ಅವಳ ನೆನಪೋ ಕನಸೋ, ಕೇಳುತ್ತ ಕೇಳುತ್ತ ನನಗೂ ಕಣ್ಣು ಕೂಡಿ ಬರುತ್ತಿತ್ತು. ಆ ಎರಡು ತಾಸುಗಳಲ್ಲಿ ನಾವು ಯಾರ ಸೊಸೆಯರೂ ಆಗಿರಲಿಲ್ಲ.

ಏಳೆಂಟು ತಿಂಗಳಾಗಿರಬೇಕು. ಅಕ್ಕನ ಕೆನ್ನೆ ತುಂಬಿತ್ತು, ಕೆಮ್ಮು ಇರಲಿಲ್ಲ. ಒಂದು ದಿನ ಚೀಲ ಸರಿಸುವಾಗ ಹಿಂದೆ ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಗುಳಿಗೆಗಳು, ಬೊಗಸೆ ತುಂಬ.

"ಅಕ್ಕಾ, ಯಾಕ ಹಿಂಗ? ವಾಕರಿಕಿ ಬರ್ತೈತೇನು?"

ಅವಳು ಗೋಡೆಯ ಕಡೆ ಹೊರಳಿದಳು. "ಕೆಮ್ಮು ನಿಂತ ಮ್ಯಾಲೆ ನುಂಗೂದು ಬಿಟ್ಟೀನಿ. ಪೂರಾ ಆರಾಮ ಆದ್ರ ಚೀಟಿ ಮುಗೀತೈತಿ. ಮತ್ತ ಈ ಮಧ್ಯಾಹ್ನ ಎಲ್ಲಿ ತರ್ಲಿ?"

ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. "ಚೀಟಿ ಇರ್ಲಿ, ಬಿಡ್ಲಿ, ಮಧ್ಯಾಹ್ನದ ಕೆಲಸ ಮುಂದನೂ ನಂದ. ನೀ ಸತ್ರ ನಾ ಯಾರ ಕೂಡ ಮ್ಯಾಲೆ ಬರ್ಲಿ?" ಎಂದು ಅವಳ ಕೈ ಹಿಡಿದೆ. ಅವಳು ಎದ್ದು ಕೂತು ನೀರು ಕೇಳಿದಳು. ಆ ದಿನದ ಗುಳಿಗೆಯನ್ನು ನನ್ನೆದುರೇ ನುಂಗಿದಳು.

ಮುಂದಿನ ಸಲ ಡಾಕ್ಟರಿಗೆ ಅವಳೇ ನಿಜ ಹೇಳಿದಳು. ಅವರು ಬೈದರು, ಕಫ ಮತ್ತೆ ಪರೀಕ್ಷೆ ಮಾಡಿಸಿ, ಇನ್ನೂ ಬಹಳ ತಿಂಗಳು ಔಷಧ ಬರೆದರು. ಅಷ್ಟನ್ನೂ ಅವಳು ತಪ್ಪದೆ ನುಂಗಿದಳು. ಕಡೆಯ ಎಕ್ಸ್‌ರೇ ನೋಡಿ, "ಇನ್ನ ನೀ ನನಗ ಬ್ಯಾಡ, ನಾ ನಿನಗ ಬ್ಯಾಡ," ಎಂದು ಕೈಮುಗಿದು ಕಳಿಸಿದರು.

ಮಧ್ಯಾಹ್ನಗಳು ನಿಲ್ಲಲಿಲ್ಲ. ಒಬ್ಬರು ಮುಸುರೆ ತಿಕ್ಕಿದ ದಿನ ಇನ್ನೊಬ್ಬರು ಮೊದಲು ಮಲಗುವುದು. ಒಂದು ಬೇಸಿಗೆಯಲ್ಲಿ ಅತ್ತೆ ಎಲೆಅಡಿಕೆ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ನಿಂತು ಸುಧಾರಿಸಿಕೊಂಡು, "ಸರೀರೆ ಸ್ವಲ್ಪ," ಎಂದರು. ಅಕ್ಕ ಗೋಡೆಗೆ ಸರಿದು ಅರ್ಧ ಕೌದಿ ಬಿಟ್ಟುಕೊಟ್ಟಳು.